ಅಪಾಯಕಾರಿ ಸರಕಿನ ಟ್ಯಾಂಕರಿಗೆ ರಸ್ತೆಬದಿಯಲ್ಲಿ ಬರೆದ ತನಿಖಾ ವರದಿ: ಉತ್ತರ ಕೊಡಬೇಕಾದವರು ಯಾರು?

ಅಂಕೋಲಾ ಟ್ಯಾಂಕರ್:

ಎಲ್ಲರಿಗೂ ನಮಸ್ಕಾರ. ಕಾರವಾರದ ಕಡೆಯಿಂದ ಹುಬ್ಬಳ್ಳಿ, ಹರಿಹರದ ಕಡೆಗೆ ಆಮ್ಲ, ಕಾಸ್ಟಿಕ್ ಲೈ (ಕಾಸ್ಟಿಕ್ ಸೋಡಾ ದ್ರಾವಣ), ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಸಾಗಿಸುವ ಟ್ಯಾಂಕರುಗಳನ್ನು ನಡೆಸುತ್ತಿದ್ದೇನೆ. ಕಳೆದ ವಾರ ಹೈಡ್ರೋಕ್ಲೋರಿಕ್ ಆಮ್ಲ ತುಂಬಿಕೊಂಡು ಹೊರಟಿದ್ದ ಗಾಡಿಯನ್ನು ಅರಬೈಲ್ ಘಟ್ಟ ಹತ್ತುವ ಮೊದಲೇ ತಪಾಸಣೆಯವರು ನಿಲ್ಲಿಸಿ, ಚಾಲಕನ ಹೆಸರಿಗೆ ತನಿಖಾ ವರದಿ ಬರೆದು, ಅವನ ಲೈಸೆನ್ಸನ್ನು ತಮ್ಮಲ್ಲಿಯೇ ಇಟ್ಟುಕೊಂಡಿದ್ದಾರೆ.

ವರದಿಯಲ್ಲಿ ನಾಲ್ಕು ಆಕ್ಷೇಪಗಳಿವೆ. ಗಾಡಿಯ ಹಿಂಬದಿಯ ಫಲಕದಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಎಂಬ ಹೆಸರೂ 1791 ಎಂಬ ಸಂಖ್ಯೆಯೂ ಇದ್ದವು. ಕ್ಯಾಬಿನ್ನಿನಲ್ಲಿದ್ದ ಟ್ರೆಮ್ ಕಾರ್ಡ್ (ಸರಕಿನ ಅಪಾಯ, ತುರ್ತು ಕ್ರಮಗಳನ್ನು ಬರೆದ ಕಾಗದ) ಕೂಡ ಹಿಂದಿನ ಲೋಡಿನದು. ಚಾಲಕನ ಲೈಸೆನ್ಸಿನಲ್ಲಿ ಹಜಾರ್ಡಸ್, ಅಂದರೆ ಅಪಾಯಕಾರಿ ಸರಕಿನ ಗಾಡಿ ಓಡಿಸುವ ಅನುಮತಿಯ, ಅವಧಿ ಮುಗಿದಿದೆ. ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ಮತ್ತೆ ತುಂಬಿಸಿದ ದಿನಾಂಕ ಕಾಣಿಸುವುದಿಲ್ಲ.

ಹೈಪೋ ಆಗಲಿ, ಆಮ್ಲವಾಗಲಿ, ಎರಡೂ 8ನೆಯ ವರ್ಗದ, ಅಂದರೆ ಚರ್ಮ, ಲೋಹ ತಿನ್ನುವ ಸರಕು. ವಜ್ರಾಕೃತಿಯ ಚಿಹ್ನೆಯೂ ಒಂದೇ. ಕಾರ್ಖಾನೆಯ ಲೋಡಿಂಗ್ ಗೇಟಿನಲ್ಲಿ ಕಾಗದಪತ್ರ ನೋಡಿ, ತುಂಬಿಸಿ, ಸೀಲ್ ಹಾಕಿ ಕಳಿಸಿದವರಿಗೆ ಇದಾವುದೂ ತಪ್ಪೆಂದು ಕಾಣಲಿಲ್ಲ. ಹಾಗಿರುವಾಗ ಎಲ್ಲವನ್ನೂ ಚಾಲಕನೊಬ್ಬನ ಮೇಲೆ ಬರೆಯುವುದು ಸರಿಯೇ? ದಂಡ ಕಟ್ಟಿ ಇಲ್ಲಿಗೇ ಮುಗಿಸಬಹುದೇ, ಕೋರ್ಟಿಗೆ ಹೋಗಲೇಬೇಕೇ? ತಿಳಿದವರು ಹೇಳಬೇಕು.

ಹೆದ್ದಾರಿ ಅರವತ್ತಾರು:

ಕಟ್ಟಿ ಮುಗಿಸಿಬಿಡಿ ಮಾರಾಯ್ರೇ. ಒಂದು ದಿನ ಗಾಡಿ ನಿಂತರೆ ಆಗುವ ನಷ್ಟದ ಮುಂದೆ ದಂಡ ದೊಡ್ಡದಲ್ಲ.

ಶಿರಸಿ ವಕೀಲ:

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ, ಏಕೆಂದರೆ ಈ ಪ್ರಕರಣದ ಮುಖ್ಯ ಭಾಗವನ್ನು ಹಾಗೆ ಕಟ್ಟಿ ಮುಗಿಸಲು ಕಾನೂನಿನಲ್ಲಿ ದಾರಿಯೇ ಇಲ್ಲ. ಅಪಾಯಕಾರಿ ಸರಕಿನ ಸಾಗಣೆಯ ನಿಯಮ ಮುರಿದವರ ಮೇಲೆ ಬರುವುದು ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 190(3). 2019ರ ತಿದ್ದುಪಡಿಗೆ ಮೊದಲು ಅದರಲ್ಲಿ ಮೊದಲ ಸಲಕ್ಕೆ 3,000 ರೂಪಾಯಿ ದಂಡವಿತ್ತು, ಈಗ 10,000. ಅದರ ಜೊತೆಗೆ, ಇಲ್ಲವೇ ಅದರ ಬದಲಿಗೆ, ಒಂದು ವರ್ಷದವರೆಗಿನ ಸೆರೆವಾಸವನ್ನೂ ವಿಧಿಸಬಹುದು. ಮತ್ತೊಮ್ಮೆ ಸಿಕ್ಕಿಬಿದ್ದರೆ ದಂಡ 20,000 ರೂಪಾಯಿ, ಸೆರೆವಾಸ ಮೂರು ವರ್ಷದವರೆಗೆ. ಸ್ಥಳದಲ್ಲಿಯೋ ಕಚೇರಿಯಲ್ಲಿಯೋ ಹಣ ಕಟ್ಟಿ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳನ್ನು ಕಲಂ 200 ಪಟ್ಟಿ ಮಾಡುತ್ತದೆ. ಹೊಗೆ ತಪಾಸಣೆಗೆ ಸಂಬಂಧಿಸಿದ 190(2) ಆ ಪಟ್ಟಿಯಲ್ಲಿದೆ, 190(3) ಇಲ್ಲ. ಆದ್ದರಿಂದ ಯಾರಾದರೂ ರಸ್ತೆಯ ಮೇಲೆ ‘ಇಷ್ಟು ಕೊಡಿ, ಆಯಿತು’ ಎಂದರೆ ಕೊಟ್ಟ ಹಣ ಯಾವ ಲೆಕ್ಕಕ್ಕೆ ಜಮಾ ಆಗುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಇನ್ನು ಯಾರು ಹೊಣೆ ಎಂಬ ಪ್ರಶ್ನೆ. ಅದೇ ಕಲಮಿನ ಮಾತುಗಳನ್ನು ಗಮನಿಸಿ: ವಾಹನವನ್ನು ಓಡಿಸಿದವರು ಮಾತ್ರವಲ್ಲ, ಓಡಿಸಲು ಕಾರಣರಾದವರು, ಓಡಿಸಲು ಬಿಟ್ಟವರು ಸಹ ಅದರ ವ್ಯಾಪ್ತಿಗೆ ಬರುತ್ತಾರೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರಲ್ಲಿ ಕೆಲಸವನ್ನು ಮೂವರಿಗೆ ಹಂಚಿದ್ದಾರೆ. 131ನೆಯ ನಿಯಮ ಸರಕು ಕಳಿಸುವವರದು: ಗಾಡಿಗೆ ಆ ಸರಕು ಸಾಗಿಸುವ ನೋಂದಣಿ ಇದೆಯೇ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸುರಕ್ಷತೆಯ ಸಲಕರಣೆ, ಪ್ರತಿವಿಷ ಇವೆಯೇ, ಚಾಲಕನಿಗೆ ತರಬೇತಿಯಾಗಿದೆಯೇ ಎಂಬುದನ್ನು ಅವರು ಖಚಿತಪಡಿಸಿಕೊಳ್ಳಬೇಕು, ಸರಕಿನ ಪೂರ್ಣ ವಿವರವನ್ನು ಮಾಲೀಕರಿಗೆ ಕೊಡಬೇಕು. 132ನೆಯದು ನಿಮ್ಮದು, ಅಂದರೆ ಮಾಲೀಕರದು: ಕೊಟ್ಟ ವಿವರ ಸರಿಯಿದೆಯೇ, ಗಾಡಿಯ ಚಿಹ್ನೆಗೆ ತಾಳೆಯಾಗುತ್ತದೆಯೇ ಎಂದು ನೋಡಿ, ಅದನ್ನು ಲಿಖಿತವಾಗಿ ಚಾಲಕನ ಕೈಗೆ ಕೊಟ್ಟು, ಅವನಿಗೆ ಅದು ಅರ್ಥವಾಗಿದೆಯೆಂದು ಮನದಟ್ಟು ಮಾಡಿಕೊಳ್ಳಬೇಕು. 133ನೆಯದು ಚಾಲಕನದು: ಆ ಕಾಗದ ಪ್ರಯಾಣದ ಉದ್ದಕ್ಕೂ ಕ್ಯಾಬಿನ್ನಿನಲ್ಲಿರಬೇಕು.

ನಿಮ್ಮ ವರದಿಯನ್ನು ಈ ಮೂರರ ಮೇಲಿಟ್ಟು ನೋಡಿದರೆ ಚಾಲಕನ ಪಾಲಿಗೆ ನೇರವಾಗಿ ಬರುವುದು ಲೈಸೆನ್ಸಿನ ಅವಧಿಯೊಂದೇ. ಕ್ಯಾಬಿನ್ನಿನಲ್ಲಿ ತಪ್ಪು ಕಾರ್ಡ್ ಇತ್ತೆಂಬುದರಲ್ಲಿ ಅವನ ಪಾಲು ಅರ್ಧವಾದರೆ, ಸರಿಯಾದ ಕಾರ್ಡನ್ನು ಅವನಿಗೆ ಕೊಡದೆ ಇದ್ದವರ ಪಾಲು ಉಳಿದರ್ಧ. ಫಲಕ, ಸಿಲಿಂಡರ್ ಎರಡೂ ನಿಮ್ಮ ಮತ್ತು ಗೇಟಿನವರ ಜವಾಬ್ದಾರಿ. ಕಟುವಾಗಿ ಕೇಳಿಸಿದರೆ ಕ್ಷಮಿಸಿ. ಹಾಗೆಂದು ಸತ್ಯ ಬದಲಾಗುವುದಿಲ್ಲ.

ಗೇಟಿನ ಈಚೆ:

ನಾನು ಕರಾವಳಿಯ ಒಂದು ರಾಸಾಯನಿಕ ಘಟಕದ ಸುರಕ್ಷತಾ ವಿಭಾಗದಲ್ಲಿದ್ದೇನೆ. ‘ಎರಡೂ 8ನೆಯ ವರ್ಗ, ಚಿಹ್ನೆ ಒಂದೇ’ ಎಂಬ ಮಾತನ್ನು ಗೇಟಿನಲ್ಲಿ ಪ್ರತಿದಿನ ಕೇಳುತ್ತೇನೆ. ಆ ಮಾತಿನಲ್ಲಿ ಎಷ್ಟು ಅಪಾಯವಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇಸರಿಸಬೇಡಿ.

ವಜ್ರಾಕೃತಿಯ ಚಿಹ್ನೆ ಹೇಳುವುದು ‘ಇದು ಚರ್ಮವನ್ನೂ ಲೋಹವನ್ನೂ ತಿನ್ನುವ ವಸ್ತು’ ಎಂಬಷ್ಟನ್ನು ಮಾತ್ರ. ಯಾವ ವಸ್ತು ಎಂಬುದನ್ನು ಹೇಳುವುದು ಅದರ ಹೆಸರು ಮತ್ತು ನಾಲ್ಕಂಕಿಯ ವಿಶ್ವಸಂಸ್ಥೆಯ ಸಂಖ್ಯೆ. ಹೈಡ್ರೋಕ್ಲೋರಿಕ್ ಆಮ್ಲ 1789, ಸೋಡಿಯಂ ಹೈಪೋಕ್ಲೋರೈಟ್ 1791, ಕಾಸ್ಟಿಕ್ ಸೋಡಾ ದ್ರಾವಣ 1824. ಮೂರೂ 8ನೆಯ ವರ್ಗದವು, ಆದರೆ ಒಂದಕ್ಕೊಂದು ವೈರಿಗಳು. ಹೈಪೋಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಕಾಸ್ಟಿಕ್‌ಗೆ ಆಮ್ಲ ಬಿದ್ದರೆ ಎರಡೂ ಕುದಿಯುವಷ್ಟು ಬಿಸಿಯಾಗಿ ಸಿಡಿಯುತ್ತವೆ. ಘಟ್ಟದ ತಿರುವಿನಲ್ಲಿ ನಿಮ್ಮ ಗಾಡಿ ಮಗುಚಿತೆಂದು ಭಾವಿಸಿ. ಫಲಕದಲ್ಲಿ 1791 ಎಂದು ಓದಿದ ಅಗ್ನಿಶಾಮಕ ದಳದವರು ಹೈಪೋಗೆ ತಕ್ಕ ಸಿದ್ಧತೆಯಲ್ಲಿ ಹತ್ತಿರ ಹೋಗುತ್ತಾರೆ. ಆಮ್ಲದ ಬಿಳಿ ಹೊಗೆಗೆ ಬೇಕಾದ ಮುಖವಾಡ, ಚೆಲ್ಲಿದ ಆಮ್ಲವನ್ನು ಶಮನಗೊಳಿಸುವ ಸುಣ್ಣ ಇಲ್ಲವೇ ಸೋಡಾ ಆಶ್, ಇವು ಅವರ ಪಟ್ಟಿಯಲ್ಲಿ ಇರುವುದೇ ಇಲ್ಲ. ಫಲಕವೇ ಇಲ್ಲದಿದ್ದರೆ ಅವರು ಅನುಮಾನದಿಂದ ದೂರ ನಿಂತು ವಿಚಾರಿಸುತ್ತಿದ್ದರು. ತಪ್ಪು ಫಲಕ ಅವರನ್ನು ಧೈರ್ಯದಿಂದ ಒಳಗೆ ಕರೆಯುತ್ತದೆ. ಆದ್ದರಿಂದ ನನ್ನ ದೃಷ್ಟಿಯಲ್ಲಿ ನಾಲ್ಕು ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದದ್ದು ಮೊದಲನೆಯದು, ಲೈಸೆನ್ಸಿನದಲ್ಲ.

ಟ್ಯಾಂಕಿನೊಳಗಿನ ವಿಷಯವೂ ಇದೆ. ಹೈಪೋ ಇಳಿಸಿ ಬಂದ ಟ್ಯಾಂಕಿನ ತಳದಲ್ಲಿ, ವಾಲ್ವಿನ ಕೊಳವೆಯಲ್ಲಿ ಸ್ವಲ್ಪ ಉಳಿದಿದ್ದರೂ ಆಮ್ಲ ತುಂಬುವಾಗ ಮ್ಯಾನ್‌ಹೋಲಿನ ಬಳಿ ನಿಂತವನಿಗೆ ಮೊದಲ ಏಟು. ತೊಳೆದದ್ದಕ್ಕೆ ಚೀಟಿ ಇದೆಯೇ ಎಂದು ಗೇಟಿನಲ್ಲಿ ಕೇಳಿದರೆ ಕೆಲವು ಚಾಲಕರು ಮುಖ ಸಿಂಡರಿಸುತ್ತಾರೆ. ಕೇಳದ ಗೇಟುಗಳೂ ಇವೆ ಎಂಬುದನ್ನು ಒಪ್ಪುತ್ತೇನೆ.

ಈಗ ಫಲಕದ ಅಳತೆ. 134ನೆಯ ನಿಯಮದ ಪ್ರಕಾರ ತುರ್ತು ಮಾಹಿತಿ ಫಲಕ ಗಾಡಿಯ ಎರಡೂ ಬದಿಗೆ ಮತ್ತು ಹಿಂದಕ್ಕೆ, ಹೀಗೆ ಮೂರು ಕಡೆ ಕಾಣಬೇಕು. ಸರಕಿನ ಸರಿಯಾದ ತಾಂತ್ರಿಕ ಹೆಸರು ಕನಿಷ್ಠ 50 ಮಿಲಿಮೀಟರ್ ಎತ್ತರದ ಅಕ್ಷರಗಳಲ್ಲಿ, ಸಂಖ್ಯೆ ಕನಿಷ್ಠ 100 ಮಿಲಿಮೀಟರ್ ಎತ್ತರದಲ್ಲಿ, ವರ್ಗಚಿಹ್ನೆ 250 ಮಿಲಿಮೀಟರ್ ಚೌಕಕ್ಕೆ ಕಡಿಮೆಯಿಲ್ಲದಂತೆ ಇರಬೇಕು. ಜೊತೆಗೆ ತುರ್ತು ಸೇವೆಯವರ ಮತ್ತು ಸರಕು ಕಳಿಸಿದವರ ದೂರವಾಣಿ ಸಂಖ್ಯೆಗಳು. ಈ ಸಂಖ್ಯೆಗಳಿಗೆ ಒಮ್ಮೆ ರಾತ್ರಿ ಹೊತ್ತು ನೀವೇ ಕರೆ ಮಾಡಿ ನೋಡಿ. ಸಂಜೆ ಆರಕ್ಕೆ ಬೀಗ ಬೀಳುವ ಆಫೀಸಿನ ಫೋನನ್ನು ‘ತುರ್ತು’ ಎಂದು ಬರೆದವರು ನಮ್ಮಲ್ಲಿ ಕಡಿಮೆಯೇನಿಲ್ಲ.

ನಮ್ಮ ಕಡೆ ಮಾಡುವ ದೊಡ್ಡ ತಪ್ಪು ಸ್ಟಿಕ್ಕರಿನ ಮೇಲೆ ಸ್ಟಿಕ್ಕರ್ ಅಂಟಿಸುವುದು. ಘಟ್ಟದ ಮಳೆಗೆ ಮೇಲಿನದರ ಅಂಚು ಸುರುಳಿ ಸುತ್ತಿ ಎದ್ದು, ಕೆಳಗಿನ ಹಳೆಯ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಇಣುಕುತ್ತವೆ. ದೂರದಿಂದ ನೋಡುವವನಿಗೆ 1789 ಕಾಣಿಸುತ್ತದೆಯೋ 1791 ಕಾಣಿಸುತ್ತದೆಯೋ ದೇವರೇ ಬಲ್ಲ. ಮೂರೂ ಕಡೆ ಕಬ್ಬಿಣದ ಚೌಕಟ್ಟನ್ನು ವೆಲ್ಡ್ ಮಾಡಿಸಿ, ಪ್ರತಿ ಸರಕಿಗೂ ಬೇರೆ ಬೇರೆ ತಗಡಿನ ಫಲಕ ಬರೆಸಿಟ್ಟು, ಮೇಲಿನಿಂದ ಜಾರಿಸಿ ಹಾಕುವ ವ್ಯವಸ್ಥೆ ಮಾಡಿಕೊಳ್ಳಿ. ಹಳೆಯ ಫಲಕವನ್ನು ಹೊರಗೆಳೆಯದೆ ಹೊಸದು ಕೂರುವುದಿಲ್ಲವಾದ್ದರಿಂದ ಮರೆವಿಗೆ ಅವಕಾಶವೇ ಇರುವುದಿಲ್ಲ.

ಅಘನಾಶಿನಿ ದಡ:

ನಾನು ಲಾರಿಯವನಲ್ಲ, ಹೆದ್ದಾರಿ ಪಕ್ಕದ ಊರಿನವನು. ಚಾಲಕನಿಗೆ ಅನ್ಯಾಯವಾಯಿತೆಂಬ ದನಿಯೇ ಇಲ್ಲಿ ಹೆಚ್ಚು ಕೇಳುತ್ತಿರುವುದರಿಂದ ಇನ್ನೊಂದು ಬದಿಯನ್ನೂ ಹೇಳಬೇಕೆನಿಸಿತು. 2015ರ ಸೆಪ್ಟೆಂಬರಿನಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ, ಸೋರಿದ ಅನಿಲ ಮನೆಗಳತ್ತ ಹರಡಿ ಹೊತ್ತಿಕೊಂಡು ಜನ ಜೀವ ಕಳೆದುಕೊಂಡರು. ಅದಕ್ಕೂ ಎರಡು ವರ್ಷ ಮೊದಲು ಉಪ್ಪಿನಂಗಡಿಯ ಬಳಿಯ ಪೆರ್ನೆಯಲ್ಲಿ ಇಂಥದ್ದೇ ದುರಂತ ನಡೆದಿತ್ತು. ಅಡುಗೆ ಅನಿಲ ಗಾಳಿಗಿಂತ ಭಾರ. ಅದು ಮೇಲಕ್ಕೆ ಹೋಗದೆ ನೆಲ ಹಿಡಿದು ತಗ್ಗಿನತ್ತ ಸಾಗುತ್ತದೆ, ನಮ್ಮ ಕರಾವಳಿಯಲ್ಲಿ ಮನೆಗಳಿರುವುದೂ ಹೆದ್ದಾರಿಗಿಂತ ತಗ್ಗಿನಲ್ಲೇ. ಆ ಘಳಿಗೆಯಲ್ಲಿ ಒಲೆ ಆರಿಸಬೇಕೇ, ಓಡಬೇಕೇ, ಓಡುವುದಾದರೆ ಯಾವ ದಿಕ್ಕಿಗೆ ಎಂಬುದನ್ನು ನಮಗೆ ಹೇಳುವುದು ಆ ಫಲಕವೊಂದೇ. ಆದ್ದರಿಂದ ತಪಾಸಣೆ ಇನ್ನೂ ಬಿಗಿಯಾಗಲಿ ಎಂದೇ ನನ್ನ ಅಭಿಪ್ರಾಯ. ದಂಡ ಯಾರ ಹೆಸರಿಗೆ ಎಂಬುದು ನಿಮ್ಮ ನಿಮ್ಮೊಳಗಿನ ಲೆಕ್ಕಾಚಾರ.

ಹೆದ್ದಾರಿ ಅರವತ್ತಾರು:

ದಡದವರೇ, ನಿಮ್ಮ ಮಾತು ನ್ಯಾಯವಾದದ್ದೇ. ಆದರೆ ಅದು ‘ನಮ್ಮೊಳಗಿನ ಲೆಕ್ಕಾಚಾರ’ ಮಾತ್ರ ಅಲ್ಲ. ದಂಡ ಯಾವಾಗಲೂ ಚಾಲಕನ ಹೆಸರಿಗೇ ಬಿದ್ದು, ಸಂಬಳದಲ್ಲಿ ಮುರಿದುಕೊಳ್ಳಲಾಗುವ ಕಡೆಯಲ್ಲಿ ಫಲಕ ಬದಲಿಸುವ ಅಧಿಕಾರವಿರುವವನಿಗೆ ಏನೂ ತಟ್ಟುವುದಿಲ್ಲ, ಮುಂದಿನ ಲೋಡಿಗೂ ಅದೇ ತಪ್ಪು ಫಲಕ ನಿಮ್ಮ ಊರಿನ ಮೂಲಕವೇ ಹೋಗುತ್ತದೆ.

ನಾನು ಅನಿಲದ ಬುಲೆಟ್, ಅಂದರೆ ಅಡುಗೆ ಅನಿಲದ ಟ್ಯಾಂಕರ್, ಓಡಿಸುವವನು. ನಮ್ಮ ಮೇಲೆ ಹೆಚ್ಚಾಗಿ ಬರುವ ಆಕ್ಷೇಪ ಗಾಡಿ ನಿಲ್ಲಿಸಿದ ಜಾಗದ್ದು. ಗಾಡಿ ಬೆಂಕಿಯಿಂದ ದೂರವಾದ ಕಡೆ ನಿಲ್ಲಬೇಕು, ಚಾಲಕ ಇಳಿದು ಹೋದರೆ 18 ವರ್ಷ ಮೀರಿದ, ಕೆಲಸ ಬಲ್ಲ ಇನ್ನೊಬ್ಬರು ಕಾವಲಿರಬೇಕು ಎನ್ನುತ್ತದೆ 133ನೆಯ ನಿಯಮ. ಈಗ ಎಷ್ಟೋ ಗಾಡಿಗಳಲ್ಲಿ ಕ್ಲೀನರ್ ಇರುವುದೇ ಇಲ್ಲ. ಒಬ್ಬನೇ ಚಾಲಕ ಊಟಕ್ಕೆಂದು ಇಳಿದರೆ ಅದೇ ಒಂದು ಉಲ್ಲಂಘನೆ. ಮಂಗಳೂರಿನಿಂದ ಕಾರವಾರದವರೆಗೆ ಬುಲೆಟ್ ನಿಲ್ಲಿಸಲು ತಕ್ಕ ಜಾಗ ಎಷ್ಟಿವೆ ಎಂದು ಯಾರಾದರೂ ಲೆಕ್ಕ ಹಾಕಲಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಅನಿಲ ತುಂಬಿದ ಟ್ಯಾಂಕರೊಂದು ಗಂಗಾವಳಿಗೆ ಬಿದ್ದು ಕೊಚ್ಚಿಹೋಯಿತು. ಅಲ್ಲಿ ಚಹಾದಂಗಡಿ ಇತ್ತು, ಲಾರಿಗಳು ನಿಲ್ಲುತ್ತಿದ್ದವು. ಗುಡ್ಡ ಕಡಿದ ರಸ್ತೆಯ ಅಡಿಯಲ್ಲಿ ನಿಲ್ಲಬೇಡಿ ಎಂದು ಯಾವ ಟ್ರೆಮ್ ಕಾರ್ಡಿನಲ್ಲೂ ಬರೆದಿರುವುದಿಲ್ಲ.

ಅಂಕೋಲೆಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಹಿಂದಿನ ಚಕ್ರದಿಂದ ಹಾರುವ ಕೆಂಪು ರಾಡಿ ಹಿಂಬದಿಯ ಫಲಕವನ್ನು ಮುಚ್ಚಿಬಿಡುತ್ತದೆ. ಸರಿಯಾದ ಫಲಕ ಹಾಕಿದ್ದರೂ ಓದಲಾಗದಿದ್ದರೆ ಬರೆಯುತ್ತಾರೆ, ಬರೆಯಬೇಕಾದದ್ದೂ ಸರಿಯೇ. ಘಟ್ಟ ಇಳಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸುವುದನ್ನು ರೂಢಿ ಮಾಡಿಸಿ.

ದೂರದ ಶಿರಸಿಗ:

ನಾನು ಶಿರಸಿಯವನು, ಈಗ ಅಮೆರಿಕದ ಟೆಕ್ಸಾಸಿನಲ್ಲಿ ಲಾರಿ ಕಂಪನಿಯೊಂದರ ಸುರಕ್ಷತಾ ದಾಖಲೆಗಳನ್ನು ನೋಡಿಕೊಳ್ಳುತ್ತೇನೆ. ಇಲ್ಲಿಯ ವ್ಯವಸ್ಥೆ ಎಲ್ಲದರಲ್ಲೂ ಉತ್ತಮವೆಂದು ಹೇಳಲು ಬಂದಿಲ್ಲ. ಆದರೆ ಈ ಚರ್ಚೆಗೆ ಸಂಬಂಧಿಸಿದ ಎರಡು ಮೂರು ಸಂಗತಿಗಳಿವೆ.

ಇಲ್ಲಿ ರಸ್ತೆಬದಿಯ ತಪಾಸಣಾ ವರದಿ ಬೇರೆ, ದಂಡದ ಸಮನ್ಸ್ ಬೇರೆ. ವರದಿಯಲ್ಲಿ ಬರೆದ ಉಲ್ಲಂಘನೆಗಳೆಲ್ಲಕ್ಕೂ ದಂಡ ಬೀಳಬೇಕೆಂದಿಲ್ಲ, ಆದರೆ ಅವು ಕಂಪನಿಯ ಹೆಸರಿನಲ್ಲಿ ಕೇಂದ್ರದ ದಾಖಲೆಗೆ ಸೇರಿ 24 ತಿಂಗಳು ಅಂಕಗಳಾಗಿ ಉಳಿಯುತ್ತವೆ. ಆದ್ದರಿಂದ ಚಾಲಕನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಮಾಲೀಕನಿಗೆ ಆಗುವುದಿಲ್ಲ. ವರದಿಯಲ್ಲಿ ತಪ್ಪಿದ್ದರೆ ಡೇಟಾಕ್ಯೂಸ್ ಎಂಬ ಜಾಲತಾಣದ ಮೂಲಕ ಆಧಾರಸಹಿತ ಆಕ್ಷೇಪಿಸಬಹುದು. ಎರಡನೆಯದು, ಅಪಾಯಕಾರಿ ಸರಕು ಕೊಡುವವನೇ ಅದಕ್ಕೆ ತಕ್ಕ ಫಲಕವನ್ನೂ ಲಾರಿಯವನಿಗೆ ಒದಗಿಸಬೇಕು. ಗಾಡಿಯ ಮೇಲೆ ಸರಿಯಾದ ಫಲಕ ಮೊದಲೇ ಇದ್ದರೆ ಮಾತ್ರ ವಿನಾಯಿತಿ. ಇದೊಂದು ನಿಯಮ ನಮ್ಮಲ್ಲಿಯೂ ಇಷ್ಟೇ ನೇರವಾಗಿ ಇದ್ದಿದ್ದರೆ ಅಂಕೋಲೆಯವರ ಮೊದಲ ಆಕ್ಷೇಪ ಗೇಟಿನಲ್ಲಿಯೇ ಮುಗಿಯುತ್ತಿತ್ತು. ಮೂರನೆಯದು ಸಣ್ಣದು: ಸರಕಿನ ಕಾಗದ ಎಲ್ಲಿರಬೇಕೆಂಬುದನ್ನೂ ಇಲ್ಲಿ ಗೊತ್ತುಮಾಡಿದ್ದಾರೆ. ಚಾಲಕ ಸೀಟ್‌ಬೆಲ್ಟ್ ಹಾಕಿ ಕುಳಿತಿರುವಾಗ ಕೈಗೆಟುಕುವಂತಿರಬೇಕು. ಇಳಿದು ಹೋಗುವಾಗ ಅವನ ಬದಿಯ ಬಾಗಿಲಿನ ಚೀಲದಲ್ಲೋ ಸೀಟಿನ ಮೇಲೋ ಇಟ್ಟು ಹೋಗಬೇಕು. ಅಪಘಾತದಲ್ಲಿ ಚಾಲಕ ಮಾತನಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೂ ಬಂದವರು ಹುಡುಕಬೇಕಾಗುವುದಿಲ್ಲ. ನಮ್ಮ ಗಾಡಿಗಳಲ್ಲಿ ಆ ಕಾರ್ಡ್ ದೇವರ ಪಟದ ಹಿಂದೆಯೋ ಹಾಸಿಗೆಯ ಅಡಿಯಲ್ಲೋ ಇರುವುದನ್ನು ನಾನೇ ನೋಡಿದ್ದೇನೆ.

ಅಂಕೋಲಾ ಟ್ಯಾಂಕರ್:

ಎಲ್ಲರಿಗೂ ಧನ್ಯವಾದ. ಗೇಟಿನವರೇ, ಚೌಕಟ್ಟಿಗೆ ಇವತ್ತೇ ವೆಲ್ಡಿಂಗಿನವರಿಗೆ ಹೇಳಿದ್ದೇನೆ. ವಕೀಲರೇ, ಲೈಸೆನ್ಸಿನ ವಿಷಯದಲ್ಲಿ ಒಂದು ಗೊಂದಲವಿದೆ. ಚಾಲಕನ ಕಾರ್ಡಿನಲ್ಲಿ ಸಾರಿಗೆ ವಾಹನದ ಅವಧಿ ಇನ್ನೂ ಬಾಕಿಯಿದೆ. ತರಬೇತಿಯ ಪ್ರಮಾಣಪತ್ರವೂ ಇದೆ. ಹಾಗಿದ್ದರೂ ಅವಧಿ ಮುಗಿದಿದೆ ಎಂದು ಹೇಗೆ ಬರೆದರು? ಮತ್ತೆ, ಕಾಗದಗಳನ್ನೆಲ್ಲ ಮೊಬೈಲಿನಲ್ಲಿ ತೋರಿಸಿದರೆ ಸಾಕಾಗುವುದಿಲ್ಲವೇ?

ಶಿರಸಿ ವಕೀಲ:

ಕಾರ್ಡನ್ನು ಇನ್ನೊಮ್ಮೆ ನೋಡಿ, ಅಪಾಯಕಾರಿ ಸರಕಿನ ಅವಧಿಗೆ ಅದರಲ್ಲಿ ಬೇರೆಯೇ ದಿನಾಂಕವಿರುತ್ತದೆ. ಸಾರಿಗೆ ವಾಹನದ ಲೈಸೆನ್ಸಿಗೆ ಐದು ವರ್ಷದ ಅವಧಿಯಾದರೆ, ಅಪಾಯಕಾರಿ ಸರಕಿಗೆ ಕಲಂ 14ರ ಪ್ರಕಾರ ಮೂರೇ ವರ್ಷ. 2019ಕ್ಕೆ ಮೊದಲು ಅದು ಒಂದೇ ವರ್ಷವಿತ್ತು. ಎರಡರ ನಡುವಿನ ಈ ಅಂತರದಲ್ಲಿಯೇ ಹೆಚ್ಚಿನವರು ಸಿಕ್ಕಿಬೀಳುವುದು. ಪ್ರಮಾಣಪತ್ರ ಕೈಯಲ್ಲಿದ್ದರೆ ಸಾಲದು, 9ನೆಯ ನಿಯಮದಂತೆ ಅದನ್ನು ಆರ್‌ಟಿಒ ಕಚೇರಿಯಲ್ಲಿ ಲೈಸೆನ್ಸಿಗೆ ನಮೂದಿಸಿಕೊಳ್ಳಬೇಕು. ಅದೇ ನಿಯಮ ಚಾಲಕನಿಗೆ ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆಯ ಜೊತೆಗೆ ಇಂಗ್ಲಿಷಿನಲ್ಲೂ ಓದು ಬರಹ ಬರಬೇಕೆನ್ನುತ್ತದೆ. ಕನ್ನಡವಾಗಲಿ ಕೊಂಕಣಿಯಾಗಲಿ ಮೊದಲ ಷರತ್ತಿಗೆ ಸಾಕು. ಎರಡನೆಯದು ಕಾಗದದಲ್ಲಷ್ಟೇ ಪಾಲನೆಯಾಗುತ್ತಿರುವುದು ಎಲ್ಲರಿಗೂ ತಿಳಿದದ್ದೇ. ಹೀಗಾಗಿ ಟ್ರೆಮ್ ಕಾರ್ಡಿನ ಜೊತೆಗೆ ಒಂದು ಕನ್ನಡ ಪ್ರತಿಯನ್ನೂ ಇಟ್ಟರೆ, ಚಾಲಕನಿಗೆ ವಿಷಯ ಅರ್ಥವಾಗಿದೆಯೆಂದು 132ನೆಯ ನಿಯಮದಡಿ ನೀವು ಹೇಳುವ ಮಾತಿಗೆ ಬಲ ಬರುತ್ತದೆ.

ಮೊಬೈಲಿನ ಬಗ್ಗೆ: ಆರ್‌ಸಿ, ವಿಮೆ, ಪರ್ಮಿಟ್, ಲೈಸೆನ್ಸ್ ಇವನ್ನು ಡಿಜಿಲಾಕರ್ ಅಥವಾ ಎಂಪರಿವಾಹನ್ ಮೂಲಕ ತೋರಿಸಿದರೆ 139ನೆಯ ನಿಯಮದಂತೆ ಒಪ್ಪಲೇಬೇಕು. ಗ್ಯಾಲರಿಯಲ್ಲಿರುವ ಫೋಟೋಗೆ ಆ ಬೆಲೆಯಿಲ್ಲ. ಟ್ರೆಮ್ ಕಾರ್ಡ್ ಮಾತ್ರ ಕ್ಯಾಬಿನ್ನಿನಲ್ಲಿ ಕಾಗದದ ರೂಪದಲ್ಲೇ ಇರಲಿ. ಚಾಲಕನ ಫೋನ್ ಅಪಘಾತದಲ್ಲಿ ಒಡೆದರೆ ಆ ಮಾಹಿತಿ ಯಾರಿಗೂ ಸಿಗುವುದಿಲ್ಲ.

ಗೇಟಿನ ಈಚೆ:

ಒಂದು ಸೇರ್ಪಡೆ. ಗಾಡಿ ಗೇಟು ದಾಟುವ ಮೊದಲು ಮೂರೂ ಫಲಕ, ಟ್ರೆಮ್ ಕಾರ್ಡ್, ಸಿಲಿಂಡರಿನ ಮುಳ್ಳು ಮತ್ತು ದಿನಾಂಕದ ಚೀಟಿ, ಇಷ್ಟರ ಫೋಟೋ ತೆಗೆದು ಆ ದಿನದ ಎಲ್‌ಆರ್ (ಲಾರಿ ರಸೀದಿ) ಸಂಖ್ಯೆಯೊಂದಿಗೆ ಕಳಿಸುವವರಿಗೂ ಮಾಲೀಕರಿಗೂ ವಾಟ್ಸ್ಆ್ಯಪ್ ಮಾಡಲು ಚಾಲಕನಿಗೆ ಹೇಳಿ. ಏನಾದರೂ ಕೊರತೆಯಿದ್ದರೆ ಅವನು ಅದನ್ನು ಅಲ್ಲಿಯೇ ಬರೆದು ಕಳಿಸಲಿ. ‘ಕೇಳಿದ್ದೆ, ಕೊಡಲಿಲ್ಲ’ ಎಂದು ಆಮೇಲೆ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಅಂಕೋಲಾ ಟ್ಯಾಂಕರ್:

ಕೊನೆಯದಾಗಿ ಒಂದೇ ಪ್ರಶ್ನೆ. ಲೈಸೆನ್ಸ್ ಅವರ ಬಳಿಯಿರುವಾಗ ಅವನು ಬೇರೆ ಗಾಡಿ ಓಡಿಸಬಹುದೇ?

ಶಿರಸಿ ವಕೀಲ:

ಕಲಂ 206ರಡಿ ಲೈಸೆನ್ಸ್ ಪಡೆದುಕೊಂಡವರು ತಾತ್ಕಾಲಿಕ ಸ್ವೀಕೃತಿ ಚೀಟಿ ಕೊಡಬೇಕು. ಲೈಸೆನ್ಸ್ ಮರಳಿ ಬರುವವರೆಗೆ, ಅಥವಾ ಚೀಟಿಯಲ್ಲಿ ಬರೆದ ದಿನಾಂಕದವರೆಗೆ, ಅದರ ಮೇಲೆ ಓಡಿಸಬಹುದು. ಚೀಟಿ ಕೊಟ್ಟಿಲ್ಲದಿದ್ದರೆ ನಾಳೆಯೇ ಹೋಗಿ ಕೇಳಿ ಪಡೆಯಿರಿ, ದಿನಾಂಕ ಹತ್ತಿರವಿದ್ದರೆ ವಿಸ್ತರಿಸಲು ಅರ್ಜಿ ಕೊಡಿ. ಆದರೆ ಹಜಾರ್ಡಸ್ ನಮೂದು ನವೀಕರಣವಾಗುವವರೆಗೆ ಆ ಚೀಟಿಯ ಮೇಲೆ ಆಮ್ಲದ ಗಾಡಿಗೆ ಅವನನ್ನು ಹತ್ತಿಸಬೇಡಿ. ಜಲ್ಲಿಯನ್ನೋ ಅಕ್ಕಿಯನ್ನೋ ಸಾಗಿಸಲು ಅಡ್ಡಿಯಿಲ್ಲ. ಕೋರ್ಟಿನ ದಿನಾಂಕ ತಿಳಿದ ಮೇಲೆ ವರದಿಯ ಪ್ರತಿ, ಲೋಡಿಂಗಿನ ಕಾಗದ, ತರಬೇತಿಯ ಪ್ರಮಾಣಪತ್ರ ಮೂರನ್ನೂ ತೆಗೆದುಕೊಂಡು ನೀವೂ ಅವನ ಜೊತೆಗೆ ಬನ್ನಿ.